ನೆಲ ಮಂಕಾಗಿದೆಯೇ, ಕಲೆ ಹಿಡಿದಿದೆಯೇ, ಅಂಟುತ್ತಿದೆಯೇ? ಕ್ಲೀನರ್ ಸುರಿಯುವ ಮೊದಲು ಕಾರಣ ಹುಡುಕಿ

ಕೊಳೆಯಿಂದ ಹಾಳಾದ ನೆಲಗಳಿಗಿಂತ ಕೊಳೆ ತೆಗೆಯಲು ಹೋಗಿ ಹಾಳು ಮಾಡಿಕೊಂಡ ನೆಲಗಳೇ ಹೆಚ್ಚು. ಮಂಕಾಯಿತೆಂದು ಅಮೃತಶಿಲೆಗೆ ಆಸಿಡ್ ಹಾಕುತ್ತಾರೆ, ಉಳಿದಿದ್ದ ಹೊಳಪೂ ಹೋಗುತ್ತದೆ. ಅಂಟುತ್ತಿದೆಯೆಂದು ಟೈಲ್ಸ್‌ಗೆ ಇನ್ನಷ್ಟು ಸೋಪು ಬಳಸುತ್ತಾರೆ, ಅಂಟು ಇಮ್ಮಡಿಯಾಗುತ್ತದೆ. ಮರದ ಹಲಗೆ ಉಬ್ಬಿತೆಂದು ತಕ್ಷಣ ಉಜ್ಜಿಸುತ್ತಾರೆ, ಮೂರು ತಿಂಗಳಿಗೆ ಅದೇ ಹಲಗೆ ಉಲ್ಟಾ ಬಾಗುತ್ತದೆ. ಈ ಮೂರರಲ್ಲೂ ತಪ್ಪಿದ್ದು ಕಾರಣ ತಿಳಿಯುವುದರಲ್ಲಿ.

ಆದ್ದರಿಂದ ಯಾವುದೇ ದೋಷ ಕಂಡರೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಇದು ನೆಲದ ಮೇಲೆ ಕೂತಿದೆಯೇ, ಒಳಕ್ಕೆ ಇಳಿದಿದೆಯೇ, ನೆಲವೇ ಸವೆದಿದೆಯೇ, ಅಥವಾ ಅಡಿಯಿಂದ ಮೇಲೆ ಬರುತ್ತಿದೆಯೇ? ಮೇಲೆ ಕೂತಿದ್ದನ್ನು ಒರೆಸಬಹುದು. ಒಳಕ್ಕೆ ಇಳಿದಿದ್ದನ್ನು ಹೀರಿ ತೆಗೆಯಬೇಕು. ಸವೆದಿದ್ದನ್ನು ಯಾವ ಕ್ಲೀನರ್ ಕೂಡ ಮರಳಿ ತರುವುದಿಲ್ಲ. ಅಡಿಯಿಂದ ಬರುತ್ತಿರುವುದನ್ನು ಎಷ್ಟು ಒರೆಸಿದರೂ ಅದು ನಿಲ್ಲುವುದಿಲ್ಲ.

ಮೊದಲ ಕೆಲಸ: ಯಾವ ನೆಲವೆಂದು ಖಚಿತ ಮಾಡಿಕೊಳ್ಳಿ

ನೋಟದಿಂದ ನಿರ್ಧರಿಸಬೇಡಿ. ಅಮೃತಶಿಲೆಯಂತೆಯೇ ಕಾಣುವ ವಿಟ್ರಿಫೈಡ್ ಟೈಲ್ ಇದೆ. ಮರದಂತೆ ಕಾಣುವ ಲ್ಯಾಮಿನೇಟ್ ಇದೆ, ವಿನೈಲ್ ಇದೆ, ಟೈಲ್ ಕೂಡ ಇದೆ. ಕೆಲವು ಹಲಗೆಗಳಿಗೊಮ್ಮೆ ಅದೇ ಗಂಟು, ಅದೇ ಎಳೆ ಮತ್ತೆ ಕಾಣಿಸಿದರೆ ಅದು ಮುದ್ರಿಸಿದ ಚಿತ್ರ. ಬಾಗಿಲ ಬಳಿ, ಹಲಗೆಯ ಅಂಚು ಕಾಣುವ ಕಡೆ ಬಗ್ಗಿ ನೋಡಿ. ಎಳೆ ಮೇಲಿನಿಂದ ಕೆಳಗಿನವರೆಗೂ ಹಾಯ್ದಿದ್ದರೆ ಗಟ್ಟಿ ಮರ. ಮರದ ತೆಳು ಪದರದ ಕೆಳಗೆ ಪ್ಲೈವುಡ್‌ನಂಥ ಪದರಗಳಿದ್ದರೆ ಇಂಜಿನಿಯರ್ಡ್ ಮರ. ಕಾಗದದಷ್ಟು ತೆಳುವಾದ ಮೇಲ್ಪದರದ ಕೆಳಗೆ ಕಂದು ಬಣ್ಣದ, ಒತ್ತಿದ ನಾರಿನ ಹಲಗೆ ಇದ್ದರೆ ಲ್ಯಾಮಿನೇಟ್. ಉಗುರೊತ್ತಿದರೆ ತುಸು ಮಣಿಯುವುದು ವಿನೈಲ್.

ಕಲ್ಲಿನ ವಿಷಯದಲ್ಲಿ ತಿಳಿಯಬೇಕಾದದ್ದು ಅದು ಆಸಿಡ್‌ಗೆ ಕರಗುತ್ತದೆಯೇ ಎಂಬುದು. ಬೀರುವಿನ ಹಿಂದೆಯೋ ಮೂಲೆಯಲ್ಲೋ, ಯಾರ ಕಣ್ಣಿಗೂ ಬೀಳದ ಜಾಗದಲ್ಲಿ ಒಂದು ಹನಿ ವಿನೆಗರ್ ಇಟ್ಟು ಐದು ನಿಮಿಷ ಬಿಟ್ಟು ಒರೆಸಿ. ಸಣ್ಣ ಗುಳ್ಳೆ ಎದ್ದರೆ ಅಥವಾ ಒರೆಸಿದ ಮೇಲೆ ಹನಿಯಷ್ಟೇ ಅಗಲದ ಮಂಕು ಗುರುತು ಉಳಿದರೆ ಅದು ಸುಣ್ಣದ ಅಂಶದ ಕಲ್ಲು: ಅಮೃತಶಿಲೆ, ಸುಣ್ಣಕಲ್ಲು, ಟ್ರಾವರ್ಟೈನ್ ಅಥವಾ ಅಮೃತಶಿಲೆಯ ಚೂರು ಹಾಕಿದ ಮೊಸಾಯಿಕ್. ಆ ಗುರುತು ಅಲ್ಲೇ ಉಳಿಯುತ್ತದೆ, ಹಾಗಾಗಿಯೇ ಮರೆಯಾದ ಜಾಗ ಬೇಕು. ಏನೂ ಆಗದಿದ್ದರೆ ಗ್ರಾನೈಟ್ ಅಥವಾ ಟೈಲ್ ಇರುವ ಸಾಧ್ಯತೆ ಹೆಚ್ಚು.

ಎಲ್ಲಕ್ಕಿಂತ ಮೊದಲು: ಎರಡು ಕ್ಲೀನರ್ ಬೆರೆಸಬೇಡಿ

ಒಂದರಿಂದ ಹೋಗದ ಕಲೆ ಎರಡು ಸೇರಿಸಿದರೆ ಹೋಗಬಹುದು ಎಂಬ ಯೋಚನೆ ಜೀವಕ್ಕೇ ಅಪಾಯ. ಬ್ಲೀಚ್ ಜೊತೆ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಶೌಚಾಲಯ ತೊಳೆಯುವ ಹಲವು ದ್ರವಗಳಲ್ಲಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ, ವಿನೆಗರ್ ಕೂಡ ಆಸಿಡ್ಡೇ ಎಂಬುದನ್ನು ನೆನಪಿಡಿ. ಬ್ಲೀಚ್ ಜೊತೆ ಅಮೋನಿಯಾ ಸೇರಿದರೆ ಕ್ಲೋರಮೈನ್ ಹುಟ್ಟುತ್ತದೆ. ಎರಡೂ ಶ್ವಾಸಕೋಶವನ್ನು ಸುಡುತ್ತವೆ. ಒಂದೇ ಬಕೆಟ್‌ನಲ್ಲಿ ಬೆರೆಸಿದರೆ ಮಾತ್ರವಲ್ಲ, ಒಂದನ್ನು ಹಾಕಿ ಸರಿಯಾಗಿ ತೊಳೆಯದೆ ಅದರ ಮೇಲೆ ಇನ್ನೊಂದನ್ನು ಹಾಕಿದರೂ ಇದೇ ಆಗುತ್ತದೆ.

ಕಣ್ಣು ಉರಿದು ಕೆಮ್ಮು ಬಂದರೆ ಬಕೆಟ್ ಎತ್ತಿಡಲು, ನೆಲ ಒರೆಸಲು ನಿಲ್ಲಬೇಡಿ. ಎಲ್ಲರೂ ತಕ್ಷಣ ಹೊರಗೆ ಗಾಳಿಗೆ ಬನ್ನಿ. ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಕಣ್ಣಿಗೆ ಸಿಡಿದರೆ ಹರಿಯುವ ನೀರಿನಲ್ಲಿ 15ರಿಂದ 20 ನಿಮಿಷ ತೊಳೆದು ವೈದ್ಯರನ್ನು ಕಾಣಿ. ಆಸಿಡ್ ದುರ್ಬಲಗೊಳಿಸಬೇಕಾದಾಗ ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರು ಸುರಿಯಬಾರದು.

ಒರೆಸಿದ ಮೇಲೂ ಅಂಟುತ್ತದೆ, ಹೆಜ್ಜೆ ಗುರುತು ಮೂಡುತ್ತದೆ, ಬೆಳಕಿಗೆ ಗೆರೆಗೆರೆ ಕಾಣುತ್ತದೆ

ಜನ ಹೇಳುವ ದೂರುಗಳಲ್ಲಿ ಇದೇ ಅತಿ ಸಾಮಾನ್ಯ, ಸರಿಪಡಿಸಲು ಅತಿ ಸುಲಭವಾದದ್ದೂ ಇದೇ. ಕಾರಣ ಬಹುಪಾಲು ಕೊಳೆಯಲ್ಲ, ಕ್ಲೀನರ್. ಮುಚ್ಚಳ ತುಂಬ ಹಾಕಬೇಕಾದ ಕಡೆ ಅಂದಾಜಿನಲ್ಲಿ ಸುರಿದ ದ್ರವ ನೆಲದ ಮೇಲೆ ತೆಳುವಾದ ಪೊರೆಯಾಗಿ ಒಣಗುತ್ತದೆ. ಆ ಪೊರೆ ಧೂಳನ್ನು ಹಿಡಿದುಕೊಳ್ಳುತ್ತದೆ, ನೆಲ ಬೇಗ ಕೊಳೆಯಾದಂತೆ ಕಾಣುತ್ತದೆ, ನಾವು ಮತ್ತಷ್ಟು ಸುರಿಯುತ್ತೇವೆ.

ಪರೀಕ್ಷೆಗೆ ಖರ್ಚೇ ಇಲ್ಲ. ಒಂದು ಮೊಳ ಅಗಲ, ಒಂದು ಮೊಳ ಉದ್ದದ ಜಾಗವನ್ನು ಬರೀ ಉಗುರುಬೆಚ್ಚಗಿನ ನೀರಿನಿಂದ ಎರಡು ಸಲ ಒರೆಸಿ, ಒಣ ಬಿಳಿ ಬಟ್ಟೆಯಿಂದ ತಿಕ್ಕಿ. ಆ ಚೌಕ ಮಾತ್ರ ಸುತ್ತಲಿನ ನೆಲಕ್ಕಿಂತ ಎದ್ದು ಕಂಡರೆ ಉಳಿದದ್ದೆಲ್ಲ ಸೋಪಿನ ಪೊರೆಯೆಂದು ಅರ್ಥ. ನೀರು ಹಾಕಿದಾಗ ನೊರೆ ಬಂದರಂತೂ ಅನುಮಾನವೇ ಬೇಡ. ಒಂದು ವಾರ ಬರೀ ನೀರಿನಲ್ಲಿ, ದಿನವೂ ಬಟ್ಟೆ ಜಾಲಿಸುತ್ತ ಒರೆಸಿದರೆ ಪೊರೆ ಬಿಡುತ್ತದೆ. ಆಮೇಲೆ ಬಾಟಲಿಯ ಮೇಲೆ ಬರೆದಷ್ಟೇ ಅಳತೆ, ಅದೂ ಪಿಎಚ್ 7ರ ಆಸುಪಾಸಿನ, ಅಂದರೆ ಆಸಿಡ್ಡೂ ಅಲ್ಲದ ಕ್ಷಾರವೂ ಅಲ್ಲದ ತಟಸ್ಥ ಕ್ಲೀನರ್.

ಬರೀ ನೀರಿನಿಂದಲೂ ಗೆರೆ ಹೋಗದಿದ್ದರೆ ಬಟ್ಟೆಯನ್ನು ನೋಡಿ. ಕೊಳೆ ನೀರಿನಲ್ಲೇ ಮತ್ತೆ ಮತ್ತೆ ಅದ್ದಿದ ಮಾಪ್ ಕೊಳೆಯನ್ನು ತೆಗೆಯುವುದಿಲ್ಲ, ಕೋಣೆಯ ತುಂಬ ಸಮನಾಗಿ ಹರಡುತ್ತದೆ. ಎರಡು ಬಕೆಟ್ ಇಟ್ಟುಕೊಂಡು ಒಂದರಲ್ಲಿ ಜಾಲಿಸಿ, ಇನ್ನೊಂದರ ಶುದ್ಧ ನೀರಿನಲ್ಲಿ ಅದ್ದಿ ಹಿಂಡಿ ಒರೆಸುವುದು ನಾನು ಕಂಡ ಅತ್ಯಂತ ಫಲ ಕೊಡುವ ಬದಲಾವಣೆ. ಬಟ್ಟೆ ತೊಳೆಯುವಾಗ ಮೃದುಕಾರಕ ಹಾಕುತ್ತಿದ್ದರೆ ಅದನ್ನೂ ಬಿಡಿ, ಅದು ಬಟ್ಟೆಯ ಹೀರುವ ಶಕ್ತಿಯನ್ನು ಕೆಡಿಸಿ ಗೆರೆ ಉಳಿಸುತ್ತದೆ.

ನೆಲ ಜಾರುವುದಕ್ಕೂ ಇದೇ ಪೊರೆ ಕಾರಣವಾಗಿರಬಹುದು. ಟೈಲ್ ಮೇಲೆ ಮೇಣದ ಪಾಲಿಶ್ ಹಚ್ಚಿದ್ದರೆ ಜಾರುವುದು ಖಂಡಿತ. ಹೊಳಪು ಕೊಟ್ಟ ಟೈಲ್‌ಗೆ ಮೇಣ ಬೇಕಾಗಿಯೇ ಇಲ್ಲ, ಅದು ಒಳಕ್ಕೆ ಇಳಿಯುವುದೂ ಇಲ್ಲ. ವಯಸ್ಸಾದವರಿರುವ ಮನೆಯಲ್ಲಿ ಇದನ್ನು ಮುಂದೂಡಬೇಡಿ.

ಬಿಳಿ ಪೊರೆ ಅಥವಾ ಬಿಳಿ ಪುಡಿ

ಬಿಳಿ ಎಂದರೆ ಒಂದೇ ಅಲ್ಲ. ಎಲ್ಲಿ, ಯಾವಾಗ ಬರುತ್ತದೆ ಎಂಬುದೇ ಸುಳಿವು.

ಒರೆಸಿ ಒಣಗಿದ ಕೂಡಲೇ ನೆಲದ ತುಂಬ ತೆಳುವಾಗಿ ಬಂದರೆ ಗಡಸು ನೀರಿನ ಕೆಲಸ. ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ನೀರು ಆರಿದ ಮೇಲೆ ಉಳಿಯುತ್ತವೆ. ಬಟ್ಟೆ ಚೆನ್ನಾಗಿ ಹಿಂಡಿ, ಒರೆಸಿದ ಬೆನ್ನಿಗೇ ಒಣ ಬಟ್ಟೆ ಹಾಯಿಸಿದರೆ ಹೊಸದಾಗಿ ಕೂರುವುದಿಲ್ಲ. ಈಗಾಗಲೇ ಕೂತದ್ದನ್ನು ಟೈಲ್ ಮೇಲಿದ್ದರೆ, ಒಂದು ಪಾಲು ವಿನೆಗರ್‌ಗೆ ಹತ್ತು ಪಾಲು ನೀರು ಬೆರೆಸಿ ಒರೆಸಿ, ಕೂಡಲೇ ಶುದ್ಧ ನೀರಿನಿಂದ ತೊಳೆಯಬಹುದು. ಅಮೃತಶಿಲೆಯ ಮೇಲೆ ಇದನ್ನು ಮಾಡುವಂತಿಲ್ಲ. ಗಡಸು ನೀರಿನ ಕಲೆಯೂ ಕ್ಯಾಲ್ಸಿಯಂ ಕಾರ್ಬೊನೇಟ್, ಅಮೃತಶಿಲೆಯೂ ಕ್ಯಾಲ್ಸಿಯಂ ಕಾರ್ಬೊನೇಟ್. ಒಂದನ್ನು ಕರಗಿಸುವುದು ಇನ್ನೊಂದನ್ನು ಬಿಡುವುದಿಲ್ಲ.

ಹೊಸದಾಗಿ ಹಾಕಿದ ಟೈಲ್ ಮೇಲೆ ಮೋಡ ಕವಿದಂತಿದ್ದು ಒರೆಸಿದರೂ ಹೋಗದಿದ್ದರೆ ಅದು ಸಂದು ತುಂಬುವಾಗ ಉಳಿದ ಸಿಮೆಂಟ್ ಪೊರೆ. ಒರಟು ಒಣ ಬಟ್ಟೆಯಿಂದ, ಆಮೇಲೆ ನೈಲಾನ್ ಪ್ಯಾಡ್ ಮತ್ತು ನೀರಿನಿಂದ ತಿಕ್ಕಿ ನೋಡಿ. ಹೋಗದಿದ್ದರೆ ಸಲ್ಫಾಮಿಕ್ ಆಸಿಡ್ ಆಧಾರಿತ ಕ್ಲೀನರ್ ಇದೆ. ಮೊದಲು ಸಂದುಗಳಿಗೆ ನೀರು ಕುಡಿಸಿ, ಕೈಗವಸು, ಕನ್ನಡಕ ಹಾಕಿ, ಕಿಟಕಿ ತೆರೆದು ಬಳಸಬೇಕು. ಅದೂ ಟೈಲ್ ಮೇಲೆ ಮಾತ್ರ, ಸುಣ್ಣದ ಕಲ್ಲಿನ ಮೇಲೆ ಅಲ್ಲ. ಹೈಡ್ರೋಕ್ಲೋರಿಕ್ ಆಸಿಡ್ ಬೇಗ ಕೆಲಸ ಮಾಡುತ್ತದೆ ನಿಜ, ಆದರೆ ಸಂದಿನ ಸಿಮೆಂಟನ್ನೂ ತಿನ್ನುತ್ತದೆ, ಅದರ ಆವಿ ಹತ್ತಿರದ ಸ್ಟೀಲ್ ನಲ್ಲಿಗಳಿಗೆ, ಹಿಡಿಕೆಗಳಿಗೆ ತುಕ್ಕು ಹಿಡಿಸುತ್ತದೆ.

ಮೂರನೆಯದು ಗಂಭೀರ. ಸಂದುಗಳಲ್ಲಿ, ಗೋಡೆಯ ಬುಡದಲ್ಲಿ, ಕಲ್ಲಿನ ಅಂಚಿನಲ್ಲಿ ಉಪ್ಪಿನಂಥ ಪುಡಿ ಮತ್ತೆ ಮತ್ತೆ ಉದುರುತ್ತಿದ್ದರೆ ನೀರು ಅಡಿಯಿಂದ ಲವಣವನ್ನು ಹೊತ್ತು ಮೇಲೆ ಬರುತ್ತಿದೆ. ಇದಕ್ಕೆ ನೀರು ಹಾಕಿ ತೊಳೆಯಬೇಡಿ, ಉಪ್ಪು ಕರಗಿ ಮತ್ತೆ ಒಳಗೆ ಇಳಿಯುತ್ತದೆ. ಒಣ ಬ್ರಷ್‌ನಿಂದ ಗುಡಿಸಿ ತೆಗೆಯಿರಿ. ಎರಡು ವಾರ ಕಾದು ನೋಡಿ. ಮತ್ತೆ ಬಂದರೆ ತೇವದ ಮೂಲ ಹುಡುಕಲೇಬೇಕು.

ಅದಕ್ಕೆ ಮನೆಯಲ್ಲೇ ಮಾಡಬಹುದಾದ ಎರಡು ಪರೀಕ್ಷೆಗಳಿವೆ. ಸುಮಾರು 45 ಸೆಂ.ಮೀ. ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ, ಕನಿಷ್ಠ 16 ಗಂಟೆ ಬಿಟ್ಟು ಎತ್ತಿ. ಹಾಳೆಯ ಅಡಿಯಲ್ಲಿ ಹನಿ ಕೂತಿದ್ದರೆ ಅಥವಾ ನೆಲ ಕಪ್ಪಾಗಿದ್ದರೆ ತೇವ ಕೆಳಗಿನಿಂದ ಬರುತ್ತಿದೆ. ಇನ್ನೊಂದು, ಮನೆಯ ಎಲ್ಲ ನಲ್ಲಿ ಮುಚ್ಚಿ ನೀರಿನ ಮೀಟರ್ ಅಂಕಿ ಬರೆದುಕೊಂಡು ಎರಡು ಗಂಟೆಯ ನಂತರ ನೋಡಿ. ಅಂಕಿ ಸರಿದಿದ್ದರೆ ಎಲ್ಲೋ ಪೈಪ್ ಸೋರುತ್ತಿದೆ. ಇಲ್ಲಿಗೆ ನಿಮ್ಮ ಕೆಲಸ ಮುಗಿಯಿತು, ಪ್ಲಂಬರ್ ಬರಲಿ. ಸೋರಿಕೆ ನಿಲ್ಲಿಸದೆ ಮೇಲೆ ಸೀಲರ್ (ಕಲ್ಲು ದ್ರವ ಹೀರದಂತೆ ಹಚ್ಚುವ ಲೇಪ) ಹಚ್ಚಿದರೆ ಉಪ್ಪು ಒಳಗೇ ಹರಳುಗಟ್ಟಿ ಕಲ್ಲಿನ ಮೈ ಸಿಪ್ಪೆ ಏಳುತ್ತದೆ.

ಅಮೃತಶಿಲೆಯ ಮೇಲೆ ಮಂಕು ಮಚ್ಚೆ, ಉಂಗುರದ ಗುರುತು

ಇದರ ಮೇಲೆ ಜನ ವ್ಯಯಿಸುವ ಶ್ರಮ ನೋಡಿದರೆ ಬೇಸರವಾಗುತ್ತದೆ, ಏಕೆಂದರೆ ಅವರು ಉಜ್ಜುತ್ತಿರುವುದು ಇಲ್ಲದ ಕಲೆಯನ್ನು. ಒಮ್ಮೆ ಹೀಗೆ ಮಾಡಿ: ಕೋಣೆಯ ದೀಪ ಆರಿಸಿ, ಕಿಟಕಿಯ ಎದುರು ಕುಳಿತು, ಕಣ್ಣನ್ನು ನೆಲದ ಮಟ್ಟಕ್ಕೆ ಇಳಿಸಿ ಬೆಳಕಿಗೆ ಓರೆಯಾಗಿ ನೋಡಿ. ಮೇಲಿನಿಂದ ನೋಡಿದಾಗ ಅಷ್ಟಾಗಿ ಕಾಣದ ಮಚ್ಚೆ ಈಗ ಸ್ಪಷ್ಟವಾಗುತ್ತದೆ. ಸುತ್ತಲಿನ ಹೊಳೆಯುವ ಮೈಯಲ್ಲಿ ಕಿಟಕಿಯ ಚೌಕಟ್ಟು ಪ್ರತಿಫಲಿಸುತ್ತಿರುತ್ತದೆ, ಮಚ್ಚೆಯೊಳಗೆ ಆ ಪ್ರತಿಬಿಂಬ ಮುರಿದು ಮಸುಕಾಗುತ್ತದೆ. ಬೆರಳಾಡಿಸಿದರೆ ಅಂಚಿನಲ್ಲಿ ಕೂದಲೆಳೆಯಷ್ಟು ಒರಟು ಸಿಗುತ್ತದೆ. ಬಣ್ಣ ಬದಲಾಗಿಲ್ಲ, ಹೊಳಪು ಮಾತ್ರ ಹೋಗಿದೆ. ಅಲ್ಲಿ ಏನೂ ಸೇರಿಲ್ಲ, ಅಲ್ಲಿದ್ದ ಕಲ್ಲು ಕರಗಿ ಹೋಗಿದೆ.

ನಿಂಬೆರಸದ ಪಿಎಚ್ ಸುಮಾರು 2, ವಿನೆಗರ್‌ದು ಎರಡೂವರೆಯ ಹತ್ತಿರ. ಇವು ತಾಗಿದ ಕ್ಷಣದಿಂದಲೇ ಕ್ಯಾಲ್ಸಿಯಂ ಕಾರ್ಬೊನೇಟ್ ಇಂಗಾಲದ ಡೈಆಕ್ಸೈಡ್ ಬಿಡುತ್ತ ಕರಗತೊಡಗುತ್ತದೆ. ಸೀಲರ್ ಹಚ್ಚಿದ್ದೇವೆ, ಏನಾಗದು ಎಂದು ನಂಬಬೇಡಿ. ಸಾಮಾನ್ಯ ಸೀಲರ್ ರಂಧ್ರದೊಳಗೆ ದ್ರವ ಇಳಿಯುವುದನ್ನು ನಿಧಾನಿಸುತ್ತದೆ ಅಷ್ಟೇ, ಮೇಲ್ಮೈ ಕರಗುವುದನ್ನು ತಡೆಯುವುದಿಲ್ಲ. ಬಚ್ಚಲು, ಶೌಚಾಲಯದ ಹೊಸ್ತಿಲ ಬಳಿಯ ಕಲ್ಲು ಅರ್ಧಚಂದ್ರಾಕಾರದಲ್ಲಿ ಮಂಕಾಗಿದ್ದರೆ ಒಳಗೆ ತೊಳೆಯಲು ಬಳಸಿದ ಆಸಿಡ್ ಹೊರಗೆ ಹರಿದಿದೆ ಎಂದು ತಿಳಿಯಿರಿ.

ಅಂಗೈಗಿಂತ ಚಿಕ್ಕ ಮಚ್ಚೆಯಾದರೆ ಅಮೃತಶಿಲೆಗೆಂದೇ ಸಿಗುವ ಪಾಲಿಶ್ ಪುಡಿಯನ್ನು ಒದ್ದೆ ಬಟ್ಟೆಗೆ ಹಾಕಿ ಕೆಲವು ನಿಮಿಷ ತಿಕ್ಕಬಹುದು. ಮೊದಲು ಮರೆಯಾದ ಮೂಲೆಯಲ್ಲಿ ಪ್ರಯೋಗ ಮಾಡಿ. ಮಚ್ಚೆ ದೊಡ್ಡದಾಗಿದ್ದರೆ, ಅಥವಾ ಉಗುರು ಅದರ ಅಂಚಿಗೆ ಸಿಕ್ಕಿಕೊಳ್ಳುವಷ್ಟು ಆಳವಿದ್ದರೆ, ನಿಲ್ಲಿಸಿ. ಅದಕ್ಕೆ ಡೈಮಂಡ್ ಪ್ಯಾಡ್ ಹಾಕಿ ಯಂತ್ರದಿಂದ ಹಂತಹಂತವಾಗಿ ತಿಕ್ಕಬೇಕು. ಕೈಯಲ್ಲಿ ಒಂದೇ ಕಡೆ ಉಜ್ಜಿದರೆ ಅಲ್ಲಿ ತಗ್ಗು ಬೀಳುತ್ತದೆ.

ಮಚ್ಚೆಯಾಗಿರದೆ, ಬಾಗಿಲಿನಿಂದ ಒಳಕೋಣೆಯವರೆಗೆ ಓಡಾಡುವ ದಾರಿಯೇ ಮಂಕಾಗಿದ್ದರೆ ಕಾರಣ ಬೇರೆ. ಬೀರು ಅಥವಾ ಮಂಚದ ಅಡಿಯ ನೆಲಕ್ಕೆ ಹೋಲಿಸಿ ನೋಡಿ. ಅಲ್ಲಿ ಹೊಳಪಿದ್ದು ದಾರಿಯಲ್ಲಿ ಇಲ್ಲವೆಂದರೆ ಅದು ಮರಳಿನ ಸವೆತ. ಮೋಸ್ ಗಡಸುತನದ ಮಾಪಕದಲ್ಲಿ ಅಮೃತಶಿಲೆ 3, ಮರಳಿನ ಸ್ಫಟಿಕ ಶಿಲೆ 7. ಚಪ್ಪಲಿಗೆ ಅಂಟಿ ಬಂದ ಮರಳು ಪ್ರತಿ ಹೆಜ್ಜೆಗೂ ಕಲ್ಲನ್ನು ಗೀರುತ್ತದೆ. ಗುಡಿಸದೆ ನೇರವಾಗಿ ಒದ್ದೆ ಬಟ್ಟೆ ಎಳೆದರೂ ಅದೇ ಆಗುತ್ತದೆ. ಬಾಗಿಲ ಒಳಗೂ ಹೊರಗೂ ಒಂದೊಂದು ಕಾಲೊರಸು, ದಿನವೂ ಮೆತ್ತನೆಯ ಪೊರಕೆ. ಇಷ್ಟರಿಂದ ಮುಂದಿನ ಸವೆತ ಬಹುಮಟ್ಟಿಗೆ ನಿಲ್ಲುತ್ತದೆ, ಆದದ್ದು ಮಾತ್ರ ಮರುಪಾಲಿಶ್‌ನಿಂದಲೇ ಹೋಗಬೇಕು.

ಕಲ್ಲು ಕಪ್ಪಾಗಿದೆ, ಒದ್ದೆಯಾದಂತೆ ಕಾಣುತ್ತದೆ, ಒಣಗುವುದೇ ಇಲ್ಲ

ಮಂಕಲ್ಲ, ಗಾಢ ಬಣ್ಣ. ಇದು ನಿಜವಾದ ಕಲೆ, ಒಳಕ್ಕೆ ಇಳಿದದ್ದು. ಒಲೆಯ ಬಳಿ ಇದ್ದರೆ ಬಹುತೇಕ ಎಣ್ಣೆ. ಕಂದು ಬಣ್ಣದಲ್ಲಿ ಕಬ್ಬಿಣದ ಡಬ್ಬಿಯ ತಳದ ಆಕಾರದಲ್ಲಿದ್ದರೆ ತುಕ್ಕು. ಟೀ, ಕಾಫಿ, ಎಲೆ, ಹೂವು ಬಿದ್ದ ಕಡೆ ತಿಳಿಗಂದು.

ಮೊದಲ ದಿನದ ಎಣ್ಣೆಯನ್ನು ಒರೆಸದೆ ಒತ್ತಿ ತೆಗೆಯಿರಿ, ತಟಸ್ಥ ಸೋಪಿನಿಂದ ತೊಳೆಯಿರಿ. ಹಳೆಯದಕ್ಕೆ ಲೇಪ ಬೇಕು. ಅಡುಗೆ ಸೋಡಾ ಅಥವಾ ಟಾಲ್ಕಂ ಪುಡಿಯನ್ನು ಹರಿಯದಷ್ಟು ಗಟ್ಟಿಯಾಗಿ ನೀರಿನಲ್ಲಿ ಕಲಸಿ, ಕಲೆಯಿಂದ ಎರಡು ಬೆರಳು ಆಚೆಯವರೆಗೂ ಅರ್ಧ ಸೆಂಟಿಮೀಟರಿಗಿಂತ ತುಸು ದಪ್ಪಗೆ ಹಚ್ಚಿ, ಪ್ಲಾಸ್ಟಿಕ್ ಮುಚ್ಚಿ ಅಂಚಿಗೆ ಟೇಪ್ ಹಾಕಿ. ಒಂದು ದಿನದ ನಂತರ ಪ್ಲಾಸ್ಟಿಕ್ ತೆಗೆದು ಲೇಪ ಪೂರ್ತಿ ಒಣಗಲು ಬಿಡಿ. ಹೀರುವ ಕೆಲಸ ನಡೆಯುವುದು ಒಣಗುವಾಗಲೇ, ಆದ್ದರಿಂದ ಇಲ್ಲಿ ಆತುರ ಪಡಬೇಡಿ. ಆಮೇಲೆ ಮರದ ಅಥವಾ ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು ತೆಗೆಯಿರಿ. ಕಲೆ ತಿಳಿಯಾಗಿದ್ದರೆ ದಾರಿ ಸರಿಯಿದೆ, ಇನ್ನೆರಡು ಸಲ ಮಾಡಿ. ಮೊಂಡು ಎಣ್ಣೆಗೆ ನೀರಿನ ಬದಲು ಅಸಿಟೋನ್ ಬಳಸುವುದುಂಟು. ಅದು ಕ್ಷಣದಲ್ಲಿ ಹೊತ್ತಿಕೊಳ್ಳುವ ದ್ರವ. ಒಲೆ, ದೀಪ, ವಿದ್ಯುತ್ ಸ್ವಿಚ್ಚಿನ ಕಿಡಿ ಹತ್ತಿರ ಇರಕೂಡದು, ಕಿಟಕಿಗಳು ತೆರೆದಿರಬೇಕು.

ತಿಳಿಬಣ್ಣದ ಕಲ್ಲಿನ ಮೇಲಿನ ಟೀ, ಕಾಫಿ ಕಲೆಗೆ ಔಷಧಿ ಅಂಗಡಿಯ 3% ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಕಲಸಿದ ಲೇಪ ಹೊಂದುತ್ತದೆ. ಗಾಢ ಬಣ್ಣದ ಕಲ್ಲಿಗೆ ಬೇಡ, ಬಣ್ಣ ತೆಗೆದುಬಿಡಬಹುದು. ತುಕ್ಕಿಗೆ ಬ್ಲೀಚ್ ಹಾಕಬೇಡಿ, ಕಲೆ ಇನ್ನಷ್ಟು ಗಟ್ಟಿಯಾಗುತ್ತದೆ. ಅಂಗಡಿಯ ತುಕ್ಕು ನಿವಾರಕಗಳಲ್ಲಿ ಕೆಲವಕ್ಕೆ ಹೈಡ್ರೋಫ್ಲೋರಿಕ್ ಆಸಿಡ್ ಸೇರಿರುತ್ತದೆ. ಬೇರೆಲ್ಲ ಆಸಿಡ್ ತಡೆಯುವ ಗ್ರಾನೈಟ್ ಕೂಡ ಇದಕ್ಕೆ ಕರಗುತ್ತದೆ, ಮನುಷ್ಯನ ಚರ್ಮದೊಳಗೆ ಇಳಿದು ಮೂಳೆಯವರೆಗೂ ಹಾನಿ ಮಾಡುತ್ತದೆ. ಲೇಬಲ್‌ನಲ್ಲಿ ಆ ಹೆಸರು ಕಂಡರೆ ಮುಟ್ಟಬೇಡಿ. ಕಲ್ಲಿನೊಳಗಿನ ತುಕ್ಕನ್ನು ಮನೆಯವರು ತೆಗೆಯುವ ಪ್ರಯತ್ನವನ್ನೇ ನಾನು ಬೇಡವೆನ್ನುತ್ತೇನೆ.

ಕಲೆ ಹೋದ ಮೇಲೆ ಒಂದು ಚಮಚ ನೀರನ್ನು ಆ ಜಾಗದಲ್ಲಿ ಹತ್ತು ಹದಿನೈದು ನಿಮಿಷ ನಿಲ್ಲಿಸಿ ನೋಡಿ. ಕಲ್ಲು ಕಪ್ಪಾದರೆ ಅದು ಹೀರುತ್ತಿದೆ, ಸೀಲರ್ ಬೇಕು. ಹನಿ ಹಾಗೆಯೇ ನಿಂತರೆ ಬೇಡ.

ವಿಟ್ರಿಫೈಡ್ ಟೈಲ್ ಮೇಲೆ ಬೂದು ಗೀರು

ಕುರ್ಚಿ, ಸ್ಟೂಲು ಎಳೆದ ಕಡೆ ಪೆನ್ಸಿಲ್ ಎಳೆದಂಥ ಬೂದು ಗೆರೆ ಕಂಡು ಟೈಲ್ ಗೀಚಿಹೋಯಿತೆಂದು ಎಷ್ಟೋ ಜನ ಹೊಸ ಟೈಲ್ ಹಾಕಿಸಲು ಹೊರಡುತ್ತಾರೆ. ತಡೆಯಿರಿ. ಗೆರೆಗೆ ಅಡ್ಡಲಾಗಿ ಉಗುರು ಎಳೆಯಿರಿ. ಉಗುರು ಎಲ್ಲೂ ತಡೆಯದಿದ್ದರೆ ಅದು ಗೀರಲ್ಲ, ಕುರ್ಚಿ ಕಾಲಿನ ಅಲ್ಯುಮಿನಿಯಂ ಅಥವಾ ಸ್ಟೀಲ್ ಟೈಲ್ ಮೇಲೆ ಸವೆದು ಅಂಟಿಕೊಂಡಿದೆ. ಟೈಲ್ ಲೋಹಕ್ಕಿಂತ ಗಡಸು, ಹಾಗಾಗಿ ಸವೆದದ್ದು ಲೋಹ. ಒದ್ದೆ ಬಟ್ಟೆಯ ಮೇಲೆ ಅಡುಗೆ ಸೋಡಾ ಲೇಪ ಅಥವಾ ಮೃದುವಾದ ಕ್ರೀಮ್ ಕ್ಲೀನರ್ ತೆಗೆದುಕೊಂಡು ಹಗುರಾಗಿ ತಿಕ್ಕಿದರೆ ಗೆರೆ ಬಟ್ಟೆಗೆ ಬರುತ್ತದೆ. ಸ್ಟೀಲ್ ಜುಂಗು ಬೇಡ, ಅದೂ ಹೊಸ ಬೂದು ಗೆರೆ ಬಿಡುತ್ತದೆ, ಉಳಿದ ತುಣುಕು ತುಕ್ಕು ಹಿಡಿಯುತ್ತದೆ. ಕುರ್ಚಿ ಕಾಲಿಗೆ ಫೆಲ್ಟ್ ಅಂಟಿಸಿ, ಆಗಾಗ ತಿರುವಿ ನೋಡಿ. ಫೆಲ್ಟಿಗೆ ಮರಳು ಸಿಕ್ಕಿಕೊಂಡರೆ ಅದೇ ಉಜ್ಜುಕಾಗದವಾಗುತ್ತದೆ. ಉಗುರು ಸಿಕ್ಕಿಕೊಂಡರೆ ಮಾತ್ರ ನಿಜವಾದ ಗೀರು, ಆ ಟೈಲ್ ಬದಲಿಸುವುದೊಂದೇ ದಾರಿ.

ಸಂದುಗಳು ಕಪ್ಪಾಗಿವೆ

ಒಣ ಕೋಣೆಯಲ್ಲಿ ಓಡಾಡುವ ಕಡೆ ಮಾತ್ರ ಕಪ್ಪಾಗಿದ್ದರೆ ಕೊಳೆ ನೀರು ಸಂದಿನಲ್ಲಿ ಇಂಗಿದೆ. ಸಂದಿನ ಸಿಮೆಂಟ್ ಟೈಲ್‌ಗಿಂತ ತುಸು ತಗ್ಗಿನಲ್ಲಿದ್ದು ನೀರನ್ನು ಕುಡಿಯುತ್ತದೆ, ಹಾಗಾಗಿ ಮಾಪ್‌ನ ಕೊಳೆಯೆಲ್ಲ ಅಲ್ಲಿಗೇ. ಅಡುಗೆ ಸೋಡಾ ಲೇಪ ಹಚ್ಚಿ ನೈಲಾನ್ ಬ್ರಷ್‌ನಿಂದ ತಿಕ್ಕಿ, ಕೊಳೆ ನೀರನ್ನು ಅಲ್ಲೇ ಒಣಗಲು ಬಿಡದೆ ಒತ್ತಿ ತೆಗೆಯಿರಿ. ಪೂರ್ತಿ ಒಣಗಿದ ಮೇಲೆ ಗ್ರೌಟ್ (ಸಂದಿನ ಸಿಮೆಂಟ್) ಸೀಲರ್ ಹಚ್ಚಿ.

ಬಚ್ಚಲಿನಲ್ಲಿ ಚುಕ್ಕೆಚುಕ್ಕೆಯಾಗಿ ಕಪ್ಪು ಹರಡಿದ್ದರೆ ಅದು ಬೂಸ್ಟು. ಮೇಲಿನದನ್ನು ಲೇಬಲ್ ಪ್ರಕಾರ ದುರ್ಬಲಗೊಳಿಸಿದ ಬ್ಲೀಚ್ ತೆಗೆಯುತ್ತದೆ, ಆದರೆ ಗಾಳಿ ಆಡದಿದ್ದರೆ ಮತ್ತೆ ಬರುತ್ತದೆ. ಸಂದು ಉದುರುತ್ತಿದ್ದರೆ, ಬೆರಳಿಗೆ ಮರಳಿನಂತೆ ಸಿಕ್ಕರೆ, ತಿಕ್ಕುವುದನ್ನು ನಿಲ್ಲಿಸಿ. ಬಹುಶಃ ಆಸಿಡ್ ಅದನ್ನು ತಿಂದಿದೆ, ಹಳೆಯದನ್ನು ಕೆರೆದು ಹೊಸದಾಗಿ ತುಂಬಿಸಬೇಕು.

ಮರ ಬಾಗಿದೆ, ಲ್ಯಾಮಿನೇಟ್ ಅಂಚು ಎದ್ದಿದೆ, ವಿನೈಲ್ ಹಳದಿಯಾಗಿದೆ

ಮರದ ಮೇಲಿನ ಗುರುತಿನ ಬಣ್ಣವೇ ಆಳ ಹೇಳುತ್ತದೆ. ಬಿಳಿಯಾಗಿದ್ದರೆ ತೇವ ಮೇಲಿನ ಲೇಪದಲ್ಲೇ ಸಿಕ್ಕಿಕೊಂಡಿದೆ, ಒಂದೆರಡು ದಿನ ಗಾಳಿಗೆ ಬಿಟ್ಟರೆ ಎಷ್ಟೋ ಸಲ ತಾನೇ ಹೋಗುತ್ತದೆ. ಕಪ್ಪಾಗಿದ್ದರೆ ನೀರು ಲೇಪ ದಾಟಿ ಮರಕ್ಕೆ ಇಳಿದಿದೆ, ಒರೆಸಿದರೆ ಹೋಗದು.

ಹಲಗೆಯ ಅಂಚು ಎತ್ತರವಾಗಿ ನಡು ತಗ್ಗಿದ್ದರೆ ಹಲಗೆಯ ಅಡಿಭಾಗ ಮೇಲ್ಭಾಗಕ್ಕಿಂತ ಹೆಚ್ಚು ತೇವ ಕುಡಿದಿದೆ. ಸೋರಿಕೆ ಹುಡುಕಿ, ಒದ್ದೆ ಮಾಪ್, ಹಬೆ ಮಾಪ್ ಎರಡನ್ನೂ ನಿಲ್ಲಿಸಿ, ವಾರಗಟ್ಟಲೆ ಕಾಯಿರಿ. ಗಾಳಿಯ ತೇವಾಂಶ 30ರಿಂದ 50 ಪ್ರತಿಶತದ ನಡುವೆ ಇದ್ದರೆ ಮರ ನೆಮ್ಮದಿಯಾಗಿರುತ್ತದೆ. ಒದ್ದೆಯಿರುವಾಗಲೇ ಎದ್ದ ಅಂಚನ್ನು ಉಜ್ಜಿಸಿದರೆ, ಒಣಗಿದ ಮೇಲೆ ಅಂಚು ತಗ್ಗಿ ನಡು ಉಬ್ಬುತ್ತದೆ. ಮರಕ್ಕೆ ಎಣ್ಣೆ ಲೇಪಿಸುವವರಿಗೊಂದು ಎಚ್ಚರಿಕೆ: ಅಗಸೆ ಎಣ್ಣೆಯಂಥ ಒಣಗುವ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಎಸೆದರೆ ಅದು ಬಿಸಿಯೇರಿ ತಾನಾಗಿ ಹೊತ್ತಿಕೊಳ್ಳಬಲ್ಲದು. ಹೊರಗೆ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿಡಿ.

ಲ್ಯಾಮಿನೇಟ್ ಅಂಚು ಉಬ್ಬಿದ್ದರೆ ಒಳಗಿನ ನಾರಿನ ಹಲಗೆ ನೀರು ಕುಡಿದಿದೆ. ಅದು ಒಣಗಿದರೂ ಮೊದಲಿನಂತಾಗುವುದಿಲ್ಲ, ಆ ಹಲಗೆ ಬದಲಿಸಬೇಕು. ವಿನೈಲ್ ಮೇಲಿನ ಕಾಲೊರಸಿನ ಆಕಾರದ ಹಳದಿ ಕಲೆ ರಬ್ಬರ್‌ನಲ್ಲಿರುವ ರಾಸಾಯನಿಕ ವಿನೈಲ್‌ಗೆ ಇಳಿದು ಆದದ್ದು. ಅದೂ ಹೋಗುವುದಿಲ್ಲ, ರಬ್ಬರ್ ತಳದ ಚಾಪೆ ತೆಗೆದರೆ ಹೆಚ್ಚಾಗದಂತೆ ತಡೆಯಬಹುದು.

1980ರ ದಶಕಕ್ಕೂ ಮೊದಲು ಹಾಕಿದ ವಿನೈಲ್ ಟೈಲ್‌ನಲ್ಲಿ, ಅದರ ಅಡಿಯ ಕಪ್ಪು ಅಂಟಿನಲ್ಲಿ ಆಸ್ಬೆಸ್ಟಾಸ್, ಅಂದರೆ ಉಸಿರಿನೊಂದಿಗೆ ಒಳಹೋದರೆ ಶ್ವಾಸಕೋಶಕ್ಕೆ ಹಾನಿ ಮಾಡುವ ಖನಿಜ ನಾರು, ಇರುವ ಸಾಧ್ಯತೆ ಇದೆ. ಒಡೆದಿದ್ದರೂ, ಎದ್ದಿದ್ದರೂ ಕೆರೆಯಬೇಡಿ, ಉಜ್ಜಬೇಡಿ, ಒಣಗಿದ್ದಾಗ ಗುಡಿಸಬೇಡಿ. ಮಾದರಿ ಪರೀಕ್ಷೆ ಮಾಡಿಸಬಲ್ಲ ತಜ್ಞರನ್ನು ಕರೆಸಿ.

ನಡೆದರೆ ಟೊಳ್ಳು ಸದ್ದು, ಟೈಲ್ ಎದ್ದು ನಿಂತಿದೆ

ಮರದ ಸೌಟಿನ ಹಿಡಿಯಿಂದ ಒಂದೊಂದು ಟೈಲನ್ನೂ ನಡುವೆ ಮತ್ತು ನಾಲ್ಕು ಮೂಲೆಗಳಲ್ಲಿ ಮೆಲ್ಲಗೆ ತಟ್ಟಿ. ಗಟ್ಟಿ ಸದ್ದು ಬಂದ ಕಡೆ ಕೆಳಗೆ ಗಾರೆ ತುಂಬಿದೆ, ಟೊಳ್ಳು ಸದ್ದು ಬಂದ ಕಡೆ ಹಿಡಿತ ಬಿಟ್ಟಿದೆ ಅಥವಾ ಮೊದಲಿನಿಂದಲೂ ತುಂಬಿಲ್ಲ. ಟೇಪ್ ಅಂಟಿಸಿ ದಿನಾಂಕ ಬರೆದಿಡಿ. ತಿಂಗಳ ನಂತರವೂ ಅಷ್ಟೇ ಇದ್ದು, ಸಂದು ಬಿರುಕು ಬಿಡದಿದ್ದರೆ ಅವಸರವಿಲ್ಲ. ಭಾರದ ವಸ್ತು ಅದರ ಮೇಲೆ ಇಡಬೇಡಿ. ಹರಡುತ್ತಿದ್ದರೆ, ಎರಡು ಟೈಲ್ ಒಂದಕ್ಕೊಂದು ಒತ್ತಿ ಗುಡಾರದಂತೆ ಎದ್ದಿದ್ದರೆ, ಹಿಗ್ಗಲು ಜಾಗ ಬಿಡದೆ ಕೂರಿಸಿದ್ದಾರೆ. ತುಳಿದು ಕೂರಿಸಲು ಹೋಗಬೇಡಿ, ಒತ್ತಡದಲ್ಲಿರುವ ಟೈಲ್ ಸಿಡಿದು ಚೂರಾಗಬಹುದು. ಮಕ್ಕಳನ್ನು ದೂರವಿಟ್ಟು ಟೈಲ್ ಕೆಲಸದವರನ್ನು ಕರೆಸಿ.

ಕೆಲಸದವರು ಬಂದಾಗ

ಈವರೆಗೆ ಏನೇನು ಹಾಕಿ ಒರೆಸಿದ್ದೀರಿ ಎಂಬುದನ್ನು ಮುಚ್ಚಿಡದೆ ಹೇಳಿ, ಬಾಟಲಿಗಳನ್ನೇ ತೋರಿಸಿ. ಕಲ್ಲನ್ನು ತಿಕ್ಕಿ ಹೊಳಪು ತರುತ್ತಾರೋ, ಮೇಲೆ ಲೇಪ ಹಚ್ಚಿ ಹೊಳಪು ಕಾಣಿಸುತ್ತಾರೋ ಎಂದು ನೇರವಾಗಿ ಕೇಳಿ. ಮೊದಲನೆಯದು ಕಲ್ಲಿನದೇ ಹೊಳಪು, ಎರಡನೆಯದು ಓಡಾಟಕ್ಕೆ ಸವೆಯುವ ಪದರ. ಒಣ ಯಂತ್ರದಿಂದ ಉಜ್ಜುವುದಾದರೆ ಧೂಳು ಹೀರುವ ವ್ಯವಸ್ಥೆ ಇರಲೇಬೇಕು, ಕಲ್ಲು ಮತ್ತು ಸಿಮೆಂಟಿನ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಶಾಶ್ವತ ಹಾನಿ ಮಾಡುತ್ತದೆ. ಏನೇ ಮಾಡಿದರೂ ಮೊದಲು ಬೀರುವಿನ ಹಿಂದಿನ ಒಂದು ಚೌಕದಲ್ಲಿ ಮಾಡಿ ತೋರಿಸಲಿ. ಅದು ಪೂರ್ತಿ ಒಣಗಿದ ಮೇಲೆ, ಹಗಲಿನ ಬೆಳಕಿನಲ್ಲಿ, ಓರೆಯಾಗಿ ನೋಡಿ ಒಪ್ಪಿಗೆಯಾದರೆ ಉಳಿದ ನೆಲಕ್ಕೆ ಕೈ ಹಚ್ಚಲು ಹೇಳಿ.